ಹೊಂಗೆ ಮರದ ನಾಗರಹಾವು

"ಹಾವು! ನಾಗರಹಾವು! ಈ ದಾರೀಲಿ ಬರ್ಬೇಡ್ರಮ್ಮಾ... ಆ ಕಡೆಯಿಂದ ಹೋಗಿ!"

ಗಂಡು ದನಿ. ಬಾವಿಯ ತಳದಿಂದ ಬಂದ ಹಾಗೆ ಕೇಳಿಸಿತು ಮುತ್ಯಾಲುಗೆ.

ಹಾವೇ? ಎದ್ದು ಓಡಬೇಕು ಅಂದುಕೊಂಡಳು. ಕೈಕಾಲು ಅವಳ ಮಾತು ಕೇಳಲಿಲ್ಲ. ರೆಪ್ಪೆಗಳ ಮೇಲೆ ಯಾರೋ ಬೀಸುಕಲ್ಲು ಹೇರಿದ ಹಾಗಿತ್ತು. ನಾಲಿಗೆಯ ಅಂಚಿನಲ್ಲಿ ಉಪ್ಪುಪ್ಪು... ರಕ್ತ.

ಓ... ಮತ್ತೆ ಬಂದಿತ್ತು!

ಕಷ್ಟಪಟ್ಟು ಕಣ್ಣು ಬಿಟ್ಟಾಗ ಮೇಲೆ ಹೊಂಗೆ ಮರ. ಅದರ ಹೂವು ಅರಳು ಚೆಲ್ಲಿದ ಹಾಗೆ ಅವಳ ಸೀರೆ ತುಂಬ ಉದುರಿತ್ತು. ಹತ್ತಿರ ಯಾರೂ ಇರಲಿಲ್ಲ. ಹಾವೂ ಇರಲಿಲ್ಲ.

ತಲೆಯ ಕೆಳಗೆ ಏನೋ ಮೆತ್ತಗಿತ್ತು. ಎಳೆದು ನೋಡಿದಳು. ನಾಲ್ಕು ಮಡಿಕೆ ಮಾಡಿದ ಟವಲ್ಲು! ಕೆಂಪು ಅಂಚಿನ, ಹೊಸ ಟವಲ್ಲು.

ಯುದ್ಧ ಮುಗಿದು ಏಳೆಂಟು ತಿಂಗಳಾಗಿತ್ತು, ಆದರೂ ಬಟ್ಟೆಗೆ ಇನ್ನೂ ರೇಷನ್ನು. ಗಜ ಬಟ್ಟೆಗಾಗಿ ಜನ ನೆಲಮಂಗಲದಲ್ಲಿ ದಿನವಿಡೀ ಸಾಲು ನಿಲ್ಲುತ್ತಿದ್ದರು. ಅಂಥ ಕಾಲದಲ್ಲಿ ಗುರುತಿಲ್ಲದ ಹುಡುಗಿಯ ತಲೆಯಡಿ ಹೊಸ ಟವಲ್ಲು ಬಿಟ್ಟು ಹೋದವನು ಯಾರು?

ಇನ್ನೂ ಒಂದು ಆಶ್ಚರ್ಯ. ಅವಳ ಕೈಯಲ್ಲಿ ಬೀಗದ ಕೈ ಇರಲಿಲ್ಲ. ಮೂಗಿನ ಹತ್ತಿರ ಹಳೇ ಚಪ್ಪಲಿಯ ವಾಸನೆ ಇರಲಿಲ್ಲ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕು, ಚಪ್ಪಲಿ ಮೂಸಿಸಬೇಕು ಅನ್ನುವುದು ಊರಿನವರ ವೈದ್ಯ. ಹತ್ತು ವರ್ಷದಿಂದ ಅವಳು ಎದ್ದಾಗಲೆಲ್ಲ ಮನೆಯವರ ಕೈಯಿಂದ ಮೊದಲು ಸಿಗುತ್ತಿದ್ದದ್ದು ಅವೆರಡೇ. ಇವತ್ತು... ಹೂವು, ಟವಲ್ಲು!

ಅಪ್ಪನಿಗೆ ಹೊಲಕ್ಕೆ ಒಯ್ಯುತ್ತಿದ್ದ ಮುದ್ದೆಯ ಕುಕ್ಕೆ ನೆರಳಿನಲ್ಲಿ ನೆಟ್ಟಗೆ ಕೂತಿತ್ತು. ಕಾಗೆ ಬಾಯಿ ಹಾಕದ ಹಾಗೆ ಯಾರೋ ಮೇಲೆ ಹೊಂಗೆ ಸೊಪ್ಪು ಮುಚ್ಚಿದ್ದರು.

ಆಮೇಲೆ ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಬಿಳಿ ದಾರ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಆ ದಾರದಲ್ಲಿ ಮೂರು ಗಂಟಿತ್ತು. ಈಗ ನಾಲ್ಕು!

'ಅಯ್ಯೋ ದೇವರೇ... ಈ ದಾರ ಏನು ಅಂತ ಅವನಿಗೆ ಗೊತ್ತು. ನನ್ನ ಗುಟ್ಟು ಗೊತ್ತು!'

*

ಆ ದಾರದ ಕಥೆ ಹೇಳಬೇಕು.

ಶಿವಗಂಗೆ ಬೆಟ್ಟದ ಹಿಂದೆ, ಬಸ್ಸಿನ ಸದ್ದು ಕೇಳದ ದಿಕ್ಕಿನಲ್ಲಿ, ಒಂದು ಹೆಂಚಿನ ಆಸ್ಪತ್ರೆ. ಅಲ್ಲಿ ನರಸಿಂಹಯ್ಯ ಅಂತ ಡಾಕ್ಟರು. ಸುತ್ತಲ ಹಳ್ಳಿಗಳಿಂದ ಮೂರ್ಛೆ ರೋಗದವರು ಇಪ್ಪತ್ತು ಮೂವತ್ತು ಜನ ಅವರ ಹತ್ತಿರ ಬರುತ್ತಿದ್ದರು. ಎಷ್ಟು ಸಾರಿ ಬಂತು ಅಂತ ಕೇಳಿದರೆ "ಆಗಾಗ ಬರ್ತದೆ ಸ್ವಾಮಿ" ಅನ್ನುವವರೇ ಎಲ್ಲ. ಓದು ಬರಹ ಯಾರಿಗೂ ಬಾರದು.

ಅದಕ್ಕೆ ಡಾಕ್ಟರು ಒಬ್ಬೊಬ್ಬರಿಗೂ ಒಂದು ಮೊಳ ಬಿಳಿ ದಾರ ಕೊಟ್ಟರು. ಒಂದು ಸಾರಿ ಬಂದರೆ ಒಂದು ಗಂಟು. ತಿಂಗಳಿಗೊಂದು ಗುರುವಾರ ದಾರ ತಂದು ತೋರಿಸಬೇಕು. ಗಂಟು ನೋಡಿ ಗುಳಿಗೆ, ಸೀಸೆ ತುಂಬ ಔಷಧಿ, ಹೊಸ ದಾರ. ಆವತ್ತು ಅವರೆಲ್ಲ ಕೂರುವ ಉದ್ದನೆ ಹಲಗೆಗೆ ಗಂಟು ಬೆಂಚು ಅಂತಲೇ ಹೆಸರು ಬಿದ್ದಿತ್ತು.

ಮುತ್ಯಾಲುಗೆ ಮೊದಲ ಸಾರಿ ಬಂದಾಗ ಎಂಟು ವರ್ಷ. ಸ್ಕೂಲಿನಲ್ಲಿ, ಮಗ್ಗಿ ಹೇಳುತ್ತಿದ್ದಾಗ ಬಿದ್ದಳು. ತಲೆ ಸುತ್ತಿದ್ದು ಅಷ್ಟೇ ಅಂತ ಊರಿಗೆ ಹೇಳಿ, ಮಾರನೇ ದಿನದಿಂದ ಮನೆಯವರು ಸ್ಕೂಲು ಬಿಡಿಸಿದರು. ತಾಯಿ ಇಲ್ಲದ ಹುಡುಗಿ. ಅಪ್ಪ ಮುನಿವೆಂಕಟಪ್ಪ ಬಾಯಿ ಸತ್ತವನು. ಅಜ್ಜಿ ಅಮ್ಮಯಮ್ಮನದೇ ಮನೆಯಲ್ಲಿ ಮಾತು.

ಈ ಆಸ್ಪತ್ರೆ ವಿಷಯ ತಿಳಿದಾಗ ಅಜ್ಜಿ ಒಂದು ಉಪಾಯ ಮಾಡಿದ್ದಳು.

"ರೋಗ ನನಗೇ ಅಂತ ಬರೆಸ್ತೀನಿ ಕಣೇ! ನೀನು ಸುಮ್ನೆ ನನ್ನ ಕೈ ಹಿಡ್ಕೊಂಡು ಬಂದೋಳ ಹಾಗೆ ಕೂತ್ಕೋ. ನಿನ್ನ ಹೆಸರು ಅಲ್ಲಿ ಬಿದ್ರೆ ನಾಳೆ ಯಾವನು ತಾಳಿ ಕಟ್ತಾನೆ? ನನಗೇನು... ಈ ವಯಸ್ಸಲ್ಲಿ ಗಂಡು ಹುಡುಕಬೇಕಾ?"

ಹಾಗೆ ಆರು ತಿಂಗಳಿಂದ ಗುಳಿಗೆ ಅಜ್ಜಿ ಹೆಸರಿಗೆ, ಹೊಟ್ಟೆ ಮುತ್ಯಾಲುದು.

ಈಗ ಆ ಗುಟ್ಟು ಒಬ್ಬ ಗಂಡಸಿನ ಕೈಗೆ ಸಿಕ್ಕಿತ್ತು!

ಅವಳು ಟವಲ್ಲಿನ ವಿಷಯ ಅಜ್ಜಿಗೂ ಹೇಳಲಿಲ್ಲ. ರಾತ್ರಿ ಮಲಗುವ ಮುಂಚೆ ಆ ನಾಲ್ಕನೇ ಗಂಟನ್ನು ಬೆರಳಿನಲ್ಲಿ ಸವರಿದಳು. ದಿನಾ ಕನಕಾಂಬರ ಕಟ್ಟುವ ಬೆರಳು ಅವಳದು, ಗಂಟಿನ ಗುಣ ಚೆನ್ನಾಗಿ ಗೊತ್ತು. ಅವಳ ಮೂರು ಗಂಟು ಒಂದೇ ಸುತ್ತಿನವು, ಬಲಕ್ಕೆ ವಾಲಿದ್ದವು. ಇದು ಎರಡು ಸುತ್ತಿನದು, ಎಡಕ್ಕೆ ವಾಲಿತ್ತು.

'ಯಾರಪ್ಪ ನೀನು? ಊರೆಲ್ಲ ಹೇಳಿಬಿಡ್ತೀಯಾ?'

ಊರೆಲ್ಲ ಸುದ್ದಿ ಹಬ್ಬಿದ್ದೇನೋ ನಿಜ. ಆದರೆ ಅದು ಹಾವಿನ ಸುದ್ದಿ!

"ಹೊಂಗೆ ಮರದಡಿ ನಾಗರಹಾವಂತೆ!" ಪಕ್ಕದ ಮನೆ ವರಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿ ಕೈಯಗಲಿಸಿ ತೋರಿಸಿದಳು. "ಹೆಡೆ ಇಷ್ಟಗಲ! ಯಾವನೋ ಗಾಡಿ ಹೊಡೆಯೋನು ನಮ್ಮನ್ನ ತಡೆದು ಉಳಿಸ್ದ ಕಣೇ. ಹುಡುಗ ನೋಡೋಕೂ ಲಕ್ಷಣವಾಗಿದ್ದ. ನಾಳೆಯಿಂದ ಹಾಲಿಡ್ತೀನಿ ಅಲ್ಲಿ."

ಮುತ್ಯಾಲು ಬಿಂದಿಗೆಗೆ ಮುಖ ಬಗ್ಗಿಸಿ ನಕ್ಕಳು. ಹತ್ತು ವರ್ಷದಲ್ಲಿ ಮೂರ್ಛೆ ಬಂದ ಮಾರನೇ ದಿನ ಅವಳು ನಕ್ಕದ್ದು ಅದೇ ಮೊದಲು.

*

ಗುರುವಾರ. ಗಂಟು ಬೆಂಚು ತುಂಬಿತ್ತು.

"ಅಮ್ಮಯಮ್ಮ!" ಕಾಂಪೌಂಡರ್ ವೆಂಕಟರಮಣಪ್ಪ ಕೂಗಿದ.

ಮೂರು ಮೈಲಿ ಬಿರುಸಾಗಿ ನಡೆದು ಬಂದಿದ್ದ ಅಜ್ಜಿ ತಕ್ಷಣ ಗೋಡೆ ಹಿಡಿದು ನಡುಗಲು ಶುರು ಮಾಡಿದಳು.

"ಬಂದೆ ಸ್ವಾಮಿ... ಅಯ್ಯಪ್ಪಾ... ಬಂದೆ..."

"ನಾಲ್ಕು ಗಂಟು. ಹೋದ ತಿಂಗಳೂ ನಾಲ್ಕು. ಔಷಧಿ ಸರಿಯಾಗಿ ಕುಡೀತಿದ್ದೀಯಾ?"

"ಒಂದು ತೊಟ್ಟು ಬಿಟ್ಟಿಲ್ಲ ಸ್ವಾಮಿ!"

"ಸರಿ, ಮೂರ್ಛೆ ಬರೋ ಮುಂಚೆ ಏನಾದ್ರೂ ಗೊತ್ತಾಗುತ್ತಾ? ಡಾಕ್ಟರು ಎಲ್ಲರನ್ನೂ ಕೇಳು ಅಂದಿದ್ದಾರೆ."

ಅಜ್ಜಿ ಕಕ್ಕಾಬಿಕ್ಕಿ. "ಮುಂಚೆ... ಮುಂಚೆ ಹೊಟ್ಟೆ ಹಸೀತದೆ."

"ಅದು ನನಗೂ ಹಸೀತದೆ! ಬೇರೇನು?"

"ರಾಗಿ ಸೀದ ವಾಸನೆ," ಮುತ್ಯಾಲು ನೆಲಕ್ಕೆ ಹೇಳಿದ ಹಾಗೆ ಹೇಳಿದಳು. "ಎಲ್ಲೂ ಒಲೆ ಇಲ್ದೇ ಇದ್ರೂ ಬರ್ತದೆ... ಅಂತ ಅಜ್ಜಿ ಹೇಳ್ತಿರ್ತಾರೆ."

ಬೆಂಚಿನ ಆ ತುದಿಯಿಂದ ಒಬ್ಬ ಹೆಂಗಸು ಜೋರಾಗಿ ಅಂದಳು, "ನನಗೆ ಮೂಗಲ್ಲ ಕಣವ್ವ, ಕಿವಿ! ಯಾರೋ ಗಂಟೆ ಬಾರಿಸಿದ ಹಾಗೆ ಕೇಳ್ತದೆ. ಆಮೇಲೆ ನಾನು ಎಲ್ಲೋ, ಲೋಕ ಎಲ್ಲೋ!"

ಸಪ್ಪಲಮ್ಮ ಅಂತ ಅವಳ ಹೆಸರು. ಬೆಟ್ಟದ ಆಚೆ ಮಗ್ಗುಲಿನವಳು. ದೊಡ್ಡ ಕುಂಕುಮ, ಬಾಯಿ ತುಂಬ ಎಲೆ ಅಡಿಕೆ. ರೋಗವನ್ನು ಅಷ್ಟು ಗಟ್ಟಿ ದನಿಯಲ್ಲಿ ಹೇಳುವವರನ್ನು ಮುತ್ಯಾಲು ನೋಡಿಯೇ ಇರಲಿಲ್ಲ!

"ಇವನು ನನ್ನ ಮಗ ಆಂಜಿನಪ್ಪ. ಗಾಡೀಲಿ ಕರ್ಕೊಂಡು ಬರ್ತಾನೆ ಪಾಪ."

ಮುತ್ಯಾಲು ಕಣ್ಣೆತ್ತಲಿಲ್ಲ. ಒಂದು ಜೊತೆ ಪಾದ ಕಂಡವು. ಹೊಲದ ಕೆಮ್ಮಣ್ಣು ಮೆತ್ತಿದ ಪಾದ.

"ಅಜ್ಜಿ ಹುಷಾರಾಗ್ತಾರೆ ಬಿಡು," ಅಂದವು... ಅಂದರೆ ಅಂದನು ಆ ಪಾದದ ಒಡೆಯ. ಮೆಲ್ಲಗಿನ ದನಿ. "ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಇರ್ಲಿ. ಉಪವಾಸ ಇರಬಾರದು. ಬಿಸಿಲಲ್ಲಿ ಒಬ್ಬೊಬ್ರೇ ದೂರ ಹೋಗಬಾರದು... ಅಜ್ಜಿ."

ಅವಳು ಸರಕ್ಕನೆ ತಲೆ ಎತ್ತಿದಳು.

ಅವನು ಅಜ್ಜಿಯ ಕಡೆ ನೋಡುತ್ತಲೇ ಇರಲಿಲ್ಲ! ಅವಳನ್ನೇ ನೋಡುತ್ತಿದ್ದ. ಅವಳು ತಲೆ ತಗ್ಗಿಸಿದಳು, ಕಿವಿ ಬೆಚ್ಚಗಾಯಿತು.

'ಅಜ್ಜಿ ವಿಷಯ ಹೇಳೋದಕ್ಕೆ ನನ್ನನ್ನ ಯಾಕೆ ಹಂಗೆ ನೋಡ್ಬೇಕು?'

ಮುಂದಿನ ತಿಂಗಳು ಅವನು ಮುತ್ತುಗದ ಎಲೆಯಲ್ಲಿ ಕನಕಾಂಬರ ತಂದ. "ಅವ್ವನಿಗೆ ಹೂ ಕಟ್ಟೋಕೆ ಆಗಲ್ಲ, ಕೈ ನಡುಗುತ್ತೆ. ಕಟ್ಟಿಕೊಡ್ತೀಯಾ?"

ಅವಳು ಕಟ್ಟಿದಳು. ಮಾಲೆ ಉದ್ದವಾಯಿತು. ಅರ್ಧ ತಾಯಿಗೆ ಮುಡಿಸಿ ಅವನು ಅಂದ, "ಉಳಿದದ್ದು... ಅಜ್ಜಿಗೆ."

"ನನಗಾ? ತಲೇಲಿ ಕೂದಲೇ ಇಲ್ಲ ಹೂವು ಎಲ್ಲಿಗಪ್ಪ!" ಅಜ್ಜಿ ಗೊಳ್ಳೆಂದಳು. "ತಗೊಳೇ, ನೀನೇ ಮುಡ್ಕೋ."

ಆ ಹೂವು ಬಾಡಿದ ಮೇಲೂ ಮುತ್ಯಾಲು ಅದನ್ನು ಬಿಸಾಡಲಿಲ್ಲ.

ಜ್ಯೇಷ್ಠ ಮಾಸ ಬರುವ ಹೊತ್ತಿಗೆ ಅವರಿಬ್ಬರ ನಡುವೆ ಆಡಿದ ಮಾತು ಒಟ್ಟು ಇಪ್ಪತ್ತೂ ಇರಲಿಕ್ಕಿಲ್ಲ. ಅವನ ಪಾದ ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಹೆಬ್ಬೆರಳಿನ ಉಗುರು ಒಡೆದದ್ದು, ಹಿಮ್ಮಡಿಯ ಬಿರುಕು... ಎಲ್ಲ!

ಟವಲ್ಲಿನವನ ನೆನಪೂ ಹೋಗಿರಲಿಲ್ಲ. ಆಸ್ಪತ್ರೆಯ ಸೀಸೆ ಒಡೆಯಬಾರದು ಅಂತ ಚೀಲದೊಳಗೆ ಆ ಟವಲ್ಲಿನಲ್ಲೇ ಸುತ್ತಿ ತರುತ್ತಿದ್ದಳು. ಒಮ್ಮೊಮ್ಮೆ ಅವಳಿಗೇ ತಪ್ಪು ಅನಿಸುತ್ತಿತ್ತು. ಒಬ್ಬನ ಟವಲ್ಲು ಚೀಲದಲ್ಲಿ... ಇನ್ನೊಬ್ಬನ ಹೂವು ತಲೆಯಲ್ಲಿ!

*

ಆಷಾಢಕ್ಕೆ ಮುಂಚೆ ಒಂದು ಬೆಳಿಗ್ಗೆ ಮನೆ ಮುಂದೆ ಗಾಡಿ ನಿಂತಿತು.

ಸಪ್ಪಲಮ್ಮ ಇಳಿದಳು. ಕೈಯಲ್ಲಿ ಹೂವು, ಹಣ್ಣು, ತೆಂಗಿನಕಾಯಿಯ ತಟ್ಟೆ. ಹಿಂದೆ ಬಿಳೀ ಪಂಚೆಯ ಆಂಜಿನಪ್ಪ.

ಕದದ ಹಿಂದೆ ನಿಂತ ಮುತ್ಯಾಲುಗೆ ತನ್ನ ಎದೆಬಡಿತ ಪಡಸಾಲೆಗೆ ಕೇಳಿಸೀತು ಅಂತ ಭಯ.

"ಹುಡುಗಿ ನಮ್ಮ ಕಣ್ಣಿಗೆ ಬಿದ್ದಿದ್ದಾಳೆ ಅಮ್ಮಯಮ್ಮ," ಸಪ್ಪಲಮ್ಮ ನೇರ ವಿಷಯಕ್ಕೇ ಬಂದಳು. "ನಮಗೆ ಕೊಡಿ. ಮಗಳ ಹಂಗೆ ನೋಡ್ಕೊತೀನಿ."

ಅಜ್ಜಿ ತಟ್ಟೆಯನ್ನು ಮುಟ್ಟಲಿಲ್ಲ.

"ಹುಡುಗ ಬಂಗಾರ. ಇಲ್ಲ ಅನ್ನಲ್ಲ. ಆದ್ರೆ ಸಪ್ಪಲಮ್ಮ... ನಿಮ್ಮ ಮನೇಲಿ ಆ ರೋಗ ಇದೆ."

ಮುತ್ಯಾಲು ಕದ ಹಿಡಿದುಕೊಂಡಳು. ಅಜ್ಜಿ ಏನಂದಳು?

"ನಿನಗೂ ಇದೆಯಲ್ಲಮ್ಮ ತಾಯಿ!" ಸಪ್ಪಲಮ್ಮ ಬೆರಗಾದಳು.

"ನನ್ನದು..." ಅಜ್ಜಿ ತಡವರಿಸಿದಳು. "ನನ್ನದು ವಯಸ್ಸಾದ್ಮೇಲೆ ಬಂದದ್ದು. ನಿಂದು ಹಳೇದು. ಬೇಡಮ್ಮ. ಗೊತ್ತಿದ್ದೂ ಗೊತ್ತಿದ್ದೂ ಹೆಣ್ಣು ಕೊಡೋಕಾಗಲ್ಲ."

ಅಪ್ಪ ಕಂಬಕ್ಕೆ ಒರಗಿ ಕೂತವನು ಕೂತೇ ಇದ್ದ.

ಆಗ ಆಂಜಿನಪ್ಪನ ದನಿ. "ಹುಡುಗಿ ಮಾತೂ ಇದೇನಾ ಅಜ್ಜಿ?"

"ಇದೇ!"

'ಅಲ್ಲ! ಅಲ್ಲ!' ಮುತ್ಯಾಲುವಿನ ಗಂಟಲಲ್ಲಿ ಮಾತು ಗುದ್ದಾಡಿತು. ಹೊರಗೆ ಬರಲಿಲ್ಲ. ಎಂಟು ವರ್ಷಕ್ಕೆ ಮಗ್ಗಿ ಮಧ್ಯದಲ್ಲಿ ನಿಂತ ಬಾಯಿ ಅದು, ನಾಲ್ಕು ಜನರೆದುರು ಯಾವತ್ತೂ ಗಟ್ಟಿಯಾಗಿ ತೆರೆದಿರಲಿಲ್ಲ.

ಪಡಸಾಲೆಯಲ್ಲಿ ಆಂಜಿನಪ್ಪ ಎದ್ದು ನಿಂತ ಸದ್ದು. ಆಮೇಲೆ, "ಏಳವ್ವ. ಇಷ್ಟ ಇಲ್ಲ ಅಂದ್ಮೇಲೆ ಬೇಡ. ಬರ್ತೀವಿ ಅಜ್ಜಿ."

ಅಷ್ಟೇ. ಒಂದೇ ಒಂದು ಮಾತು ವಾದ ಮಾಡಲಿಲ್ಲ ಅವನು! ಗಾಡಿಯ ಗಗ್ಗರದ ಸದ್ದು ದೂರವಾಯಿತು.

'ನಾನು ಅಷ್ಟೇನಾ ಅವರಿಗೆ? ಬೇಡ ಅಂದ್ರೆ ಬೇಡ... ಅಷ್ಟು ಸುಲಭನಾ?'

ಅವರು ಹೋದ ಮೇಲೆ ಅವಳು ಅಜ್ಜಿಯ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರು.

"ಅಜ್ಜಿ, ಅದು ನನಗೇ ಇರೋ ರೋಗ!"

"ಅದಕ್ಕೇ ಕಣೇ!" ಅಜ್ಜಿಯ ದನಿಯೂ ಒಡೆಯಿತು. "ಒಂದು ಮನೇಲಿ ಇಬ್ಬರು ಬಿದ್ರೆ ಎತ್ತೋರು ಯಾರು? ನಿನಗೆ ಗಟ್ಟಿ ಅತ್ತೆ ಇರೋ ಮನೆ ಬೇಕು. ಹೊಸಕೋಟೆ ಕಡೆಯೋರು ಮುಂದಿನ ಸೋಮವಾರ ನೋಡೋಕೆ ಬರ್ತಾರೆ. ಬಾಯಿ ಮುಚ್ಕೊಂಡಿದ್ರೆ ಎಲ್ಲ ಆಗ್ತದೆ."

"ಅಲ್ಲಿ ಗುಳಿಗೆ ಹೆಂಗೆ ತಗೊಳ್ಳಲಿ?"

"ಹಿತ್ತಲಿಗೆ ಹೋಗಿ ನುಂಗು."

"ಮುಗಿದ್ರೆ? ಅವರ ಮುಂದೇನೇ ಬಿದ್ರೆ? ವಾಪಸ್ ಕಳಿಸಿದ್ರೆ?"

ಅಜ್ಜಿ ಒಲೆ ಊದಲು ಹೋದಳು. ಹೊಗೆ ಇರಲಿಲ್ಲ, ಆದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

*

ಸೋಮವಾರಕ್ಕೆ ಮುಂಚಿನ ಗುರುವಾರ ಮತ್ತೆ ಗಂಟು ಬೆಂಚು.

ಇವತ್ತು ಸಪ್ಪಲಮ್ಮ ಬೆಂಚಿನ ತುದಿಯಲ್ಲಿ ಒಬ್ಬಳೇ ಇದ್ದಳು. ಮಗ ಒಳಗೆ ಬಂದಿರಲಿಲ್ಲ. ಹೊರಗೆ ಹುಣಸೆ ಮರದಡಿ ಗಾಡಿ ಕಾಣುತ್ತಿತ್ತು.

ಅಜ್ಜಿ ಆ ಕಡೆ ಮುಖ ತಿರುಗಿಸಿ ಕೂತಳು. ಸಪ್ಪಲಮ್ಮ ತೂಕಡಿಸುತ್ತಿದ್ದಳು. ಅವಳ ಮಡಿಲಿನಿಂದ ದಾರ ಜಾರಿ ಮುತ್ಯಾಲುವಿನ ಕಾಲ ಹತ್ತಿರ ಬಿತ್ತು.

ಎತ್ತಿಕೊಂಡಳು. ಎರಡು ಗಂಟು.

ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು!

ಎರಡು ಸುತ್ತು. ಎಡಕ್ಕೆ ವಾಲಿದ ಗಂಟು!

"ಅಮ್ಮಾ..." ಅವಳು ದಾರ ಮುಂದೆ ಚಾಚಿದಳು. "ಈ ಗಂಟು... ಯಾರು ಹಾಕೋದು?"

ಸಪ್ಪಲಮ್ಮ ಕಣ್ಣು ಬಿಟ್ಟಳು. ಹುಡುಗಿಯ ಮೇಲೆ ಅವಳಿಗೆ ಕೋಪವೇನೂ ಇದ್ದ ಹಾಗಿರಲಿಲ್ಲ.

"ಇನ್ಯಾರು? ನನ್ನ ಎಡಚ ಮಗ! ಬಂದಾಗ ನನಗೇನು ಗೊತ್ತಾಗ್ತದೆ ಹೇಳು? ಒಂದು ಮಗ್ಗುಲಿಗೆ ಮಲಗಿಸ್ತಾನೆ, ಟವಲ್ಲು ಮಡಿಸಿ ತಲೆ ಕೆಳಗೆ ಇಡ್ತಾನೆ. ಯಾರಾದ್ರೂ ಬೀಗದ ಕೈ ತಂದ್ರೆ, 'ನಮ್ಮವ್ವ ಏನು ಪೆಟ್ಟಿಗೇನಾ ಬೀಗ ತೆಗೆಯೋಕೆ' ಅಂತ ಬೈದು ಓಡಿಸ್ತಾನೆ!"

ಮುತ್ಯಾಲುವಿನ ಕೈ ಚೀಲದೊಳಗಿನ ಟವಲ್ಲಿನ ಮೇಲೆ ಹೋಯಿತು.

"ಆ ಟವಲ್ಲೂ ಕಳ್ಕೊಂಡು ಬಂದ ನೋಡವ್ವ, ಯುಗಾದಿ ಹೊತ್ತಿಗೆ. ರೇಷನ್ನಿಗೆ ನಿಂತು ತಂದ ಹೊಸ ಟವಲ್ಲು! ಎಲ್ಲೋ ಅಂದ್ರೆ, 'ಹಾವು ನುಂಗ್ತು ಕಣವ್ವ' ಅಂತಾನೆ! ಟವಲ್ಲು ನುಂಗೋ ಹಾವು ಎಲ್ಲಾದ್ರೂ ಉಂಟಾ?"

ಹೊಂಗೆ ಮರ... ಹೂವು... ಸೊಪ್ಪು ಮುಚ್ಚಿದ ಕುಕ್ಕೆ... "ಬಿಸಿಲಲ್ಲಿ ಒಬ್ಬೊಬ್ರೇ ಹೋಗಬಾರದು ಅಜ್ಜಿ"... "ಉಳಿದದ್ದು ಅಜ್ಜಿಗೆ"...

ಅವನಿಗೆ ಮೊದಲ ದಿನದಿಂದ ಗೊತ್ತಿತ್ತು!

ಅಜ್ಜಿ ಅವನ ತಾಯಿಯನ್ನು ಎದುರಲ್ಲೇ ಹಳಿದಾಗ 'ನಿಮ್ಮ ಹುಡುಗಿಗೂ ಇದೆಯಲ್ಲ' ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಅನ್ನಲಿಲ್ಲ. ತಾಯಿಗೆ ಆದ ಅವಮಾನ ನುಂಗಿ, ತನ್ನ ಆಸೆಯನ್ನೂ ನುಂಗಿ ಎದ್ದು ಹೋದ. ಅವಳ ಗುಟ್ಟು ಮಾತ್ರ ಬಿಟ್ಟುಕೊಡಲಿಲ್ಲ!

'ಮತ್ತೆ ನಾನು? ಕದದ ಹಿಂದೆ ನಿಂತ್ಕೊಂಡೇ ಇರ್ಲಾ?'

"ಅಮ್ಮಯಮ್ಮ!" ಕಾಂಪೌಂಡರ್ ಕೂಗಿದ.

ಅಜ್ಜಿ ಗೋಡೆ ಹಿಡಿದು ನಡುಗಲು ಶುರು ಮಾಡುವಷ್ಟರಲ್ಲಿ ಮುತ್ಯಾಲು ಎದ್ದು ನಿಂತಿದ್ದಳು. ಅಜ್ಜಿಯ ಕೈಯಿಂದ ದಾರ ತೆಗೆದುಕೊಂಡಳು. ಇಡೀ ಬೆಂಚು ನೋಡುತ್ತಿತ್ತು.

"ಈ ದಾರ ಅಜ್ಜೀದಲ್ಲ ಸ್ವಾಮಿ. ನಂದು."

"ಲೇ!" ಅಜ್ಜಿ ಕಿರುಚಿದಳು. "ಹುಚ್ಚು ಹಿಡೀತಾ?"

"ನಂದು. ಹತ್ತು ವರ್ಷದಿಂದ ನಂದು. ರಾಗಿ ಸೀದ ವಾಸನೆ ಬರೋದೂ ನನಗೇ."

ಒಳಗಿನಿಂದ ಡಾಕ್ಟರು ನರಸಿಂಹಯ್ಯನವರು ಹೊರಗೆ ಬಂದರು. ಮುತ್ಯಾಲುವನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ಅಜ್ಜಿ... ನಿಮಗೇನು ಕಾಯಿಲೆ?"

ಅಜ್ಜಿ ಸಣ್ಣ ದನಿಯಲ್ಲಿ ಅಂದಳು, "ನನಗೆ... ಮಂಡಿ ನೋವು ಒಂದಿದೆ ಸ್ವಾಮಿ."

ಗಂಟು ಬೆಂಚು ಬಿದ್ದು ಬಿದ್ದು ನಕ್ಕಿತು! ಕಾಂಪೌಂಡರ್ ಔಷಧಿ ಸೀಸೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ.

ಡಾಕ್ಟರಿಗೆ ಮಾತ್ರ ನಗು, ಕೋಪ ಎರಡೂ. "ಅರವತ್ತೈದರ ಮುದುಕಿ ಅಂತ ಹೆದರಿ ಹೆದರಿ ಕಮ್ಮಿ ಔಷಧಿ ಬರೀತಿದ್ದೆನಲ್ಲಮ್ಮ! ಹದಿನೆಂಟರ ಹುಡುಗಿಗೆ ಅದು ಎಲ್ಲಿ ಸಾಕಾಗುತ್ತೆ? ಇದಕ್ಕೇ ಗಂಟು ಕಮ್ಮಿ ಆಗಲೇ ಇಲ್ಲ!"

ಅಜ್ಜಿಯ ಮುಖ ಬಿಳಿಚಿಕೊಂಡಿತು. ಬೆಂಚಿನ ಮೇಲೆ ಕುಸಿದಳು. ಈ ಸಾರಿ ನಾಟಕವಲ್ಲ.

"ನನ್ನ ಕೈಯಾರೆ ಮಗೂಗೆ ಇಂಥಾದ್ದು ಮಾಡ್ದೆನಾ... ಒಂದು ಮನೇಲಿ ಇಬ್ಬರು ಬಿದ್ರೆ ಎತ್ತೋರು ಯಾರು ಅಂತ ಹೆದರಿ ನಿನಗೂ ಇಲ್ಲದ್ದು ಅಂದ್ಬಿಟ್ಟೆ ಸಪ್ಪಲಮ್ಮ."

ಸಪ್ಪಲಮ್ಮ ಎದ್ದು ಬಂದು ಪಕ್ಕದಲ್ಲಿ ಕೂತಳು. ತನ್ನ ಸೆರಗಿನಿಂದಲೇ ಅಜ್ಜಿಯ ಕಣ್ಣೊರೆಸಿದಳು.

"ಅವಳು ಬಿದ್ರೆ ನಾನು ಎತ್ತುತ್ತೀನಿ, ನಾನು ಬಿದ್ರೆ ಅವಳು. ಇಬ್ಬರೂ ಒಟ್ಟಿಗೇ ಬಿದ್ರೆ ನಿನಗೇ ಹೇಳಿ ಕಳಿಸ್ತೀವಿ ಬಾ. ಮಂಡಿ ನೋವು ಬಿಟ್ರೆ ಗಟ್ಟಿಮುಟ್ಟಾಗೇ ಇದ್ದೀಯಲ್ಲ!"

ಅಳುತ್ತಲೇ ಅಜ್ಜಿ ನಕ್ಕುಬಿಟ್ಟಳು.

ಮುತ್ಯಾಲು ಬಗ್ಗಿ ಸಪ್ಪಲಮ್ಮನ ಕಾಲು ಮುಟ್ಟಿದಳು. "ನಾನು ಹೊರಗೆ ಹೋಗಿ ಬರ್ತೀನಿ... ಅತ್ತೆ."

ಅತ್ತೆ! ಸಪ್ಪಲಮ್ಮನ ಕಣ್ಣು ಅರಳಿತು. "ಹೋಗು ಹೋಗು. ಹುಣಸೆ ಮರದಡಿ ಮೋರೆ ಊದಿಸ್ಕೊಂಡು ನಿಂತವ್ನೆ."

*

ಆಂಜಿನಪ್ಪ ಎತ್ತಿಗೆ ಹುಲ್ಲು ಕಟ್ಟುತ್ತಿದ್ದ. ಎಡಗೈಯಲ್ಲಿ ಹುರಿ ಎರಡು ಸುತ್ತು ಸುತ್ತಿ ಎಳೆದ. ಅವಳ ನೆರಳು ಕಂಡು ತಿರುಗಿದ. ಮುಖ ಬಿಗಿಯಿತು.

"ಅಜ್ಜಿ ಹೇಗಿದ್ದಾರೆ?"

"ಅಜ್ಜಿಗೆ ಏನೂ ಇಲ್ಲ. ಬರೀ ಮಂಡಿ ನೋವು."

ಅವನು ಇನ್ನೊಂದು ಹುಲ್ಲಿನ ಕಟ್ಟು ಎತ್ತಿಕೊಂಡ.

"ಎಲ್ಲರೆದುರಿಗೂ ಹೇಳ್ಬಿಟ್ಟೆ. ಡಾಕ್ಟರಿಗೆ, ಕಾಂಪೌಂಡರಿಗೆ, ನಿಮ್ಮ ಅವ್ವನಿಗೆ... ಬೆಂಚಿಗೆಲ್ಲ."

"ನೀನಾ?" ಅವನ ಕೈಯಿಂದ ಹುಲ್ಲಿನ ಕಟ್ಟು ಜಾರಿತು. "ನೀನು... ಎಲ್ಲರೆದುರಿಗೆ ಮಾತಾಡಿದ್ಯಾ?"

"ಹೂಂ." ಅವಳು ಇವತ್ತು ಅವನ ಪಾದ ನೋಡಲಿಲ್ಲ. ಮುಖ ನೋಡಿದಳು. ಪೂರ್ತಿ! "ನಿಮಗೆ ಮೊದಲೇ ಗೊತ್ತಿತ್ತು. ಆವತ್ತು ಅಜ್ಜಿ ಅಷ್ಟೆಲ್ಲ ಅಂದಾಗ ಯಾಕೆ ಬಾಯಿ ಬಿಡಲಿಲ್ಲ?"

"ಅದು ನಿನ್ನ ಗುಟ್ಟು. ನಾನು ಹೇಳೋಕೆ ಯಾರು?" ಅವನು ಎತ್ತಿನ ಕೊರಳು ಸವರಿದ. "ಅದನ್ನ ಹೇಳಿ, ಹೆದರಿಸಿ ನಿನ್ನ ಕರ್ಕೊಂಡು ಬಂದಿದ್ರೆ... ಆಮೇಲೆ ದಿನಾ ನಿನ್ನ ಮುಖ ಹೆಂಗೆ ನೋಡ್ಲಿ?"

ಮುತ್ಯಾಲು ಒಂದು ಹೆಜ್ಜೆ ಮುಂದೆ ಬಂದಳು.

"ಹುಡುಗಿ ಮಾತೂ ಇದೇನಾ ಅಂದ್ರಲ್ಲ... ಅದು ನನ್ನ ಮಾತಾಗಿರಲಿಲ್ಲ."

"ಮತ್ತೆ ನಿನ್ನ ಮಾತೇನು?"

ಅವಳು ಚೀಲಕ್ಕೆ ಕೈ ಹಾಕಿದಳು. ಕೆಂಪು ಅಂಚಿನ ಟವಲ್ಲು ತೆಗೆದಳು. ಒಗೆದು, ನಾಲ್ಕು ಮಡಿಕೆ ಮಾಡಿದ ಟವಲ್ಲು. ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು.

"ಹಾವು ನುಂಗಿತ್ತಂತಲ್ಲ... ಕಕ್ಕಿಬಿಡ್ತು."

ಅವನು ಟವಲ್ಲು ನೋಡಿದ, ಅವಳ ಮುಖ ನೋಡಿದ. ಆಮೇಲೆ ನಗು ಬಂತು ನೋಡಿ... ಎತ್ತುಗಳೂ ಬೆದರಿ ತಲೆಯೆತ್ತುವಂಥ ನಗು!

*

ಹೊಸಕೋಟೆಯವರಿಗೆ ಅಜ್ಜಿಯೇ ಹೇಳಿ ಕಳಿಸಿದಳು, ಹುಡುಗಿಗೆ ಗಂಡು ಗೊತ್ತಾಯಿತು ಅಂತ.

ಶ್ರಾವಣದಲ್ಲಿ ಮದುವೆ. ಸರಿಯಾದ ಔಷಧಿ ಶುರುವಾಗಿ ಎರಡು ತಿಂಗಳಾಗಿತ್ತು. ಹೊಸ ದಾರದಲ್ಲಿ ಒಂದೇ ಒಂದು ಗಂಟು.

ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ತಡೆದರು. "ಎಡಗೈ ಅಲ್ಲಪ್ಪ, ಬಲಗೈ ಮುಂದಿರಲಿ!"

ಆಂಜಿನಪ್ಪನ ಬಲಗೈ ತಡವರಿಸಿತು. ಅರಿಶಿನದ ದಾರ ಜಾರಿತು. ವಾಲಗದವರು ಊದಿ ಊದಿ ಕೆನ್ನೆ ನೋಯಿಸಿಕೊಂಡರು.

ತಲೆ ಬಗ್ಗಿಸಿ ಕೂತಿದ್ದ ಮದುಮಗಳು ಆಗ ಎಲ್ಲರಿಗೂ ಕೇಳುವಂತೆ ಅಂದಳು, "ಸ್ವಾಮಿ, ಅವರಿಗೆ ಹೆಂಗೆ ಬರ್ತದೋ ಹಂಗೇ ಕಟ್ಲಿ ಬಿಡಿ!"

ಚಪ್ಪರದವರೆಲ್ಲ ತಿರುಗಿ ನೋಡಿದರು.

"ಅಯ್ಯೋ ನಮ್ಮಮ್ಮ! ಬಾಯೇ ಇಲ್ಲದ ಹುಡುಗಿ ಅಂದ್ಕೊಂಡಿದ್ನಲ್ಲ!" ವರಲಕ್ಷ್ಮಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಚಪ್ಪರವೆಲ್ಲ ನಗು. ಪುರೋಹಿತರೂ ನಕ್ಕು ಕೈ ಬಿಟ್ಟರು.

ಸಂಜೆ ಗಾಡಿ ಹೊರಟಿತು. ಸಪ್ಪಲಮ್ಮ ಹಿಂದೆ ಹುಲ್ಲಿನ ಮೇಲೆ ಆಗಲೇ ತೂಕಡಿಸುತ್ತಿದ್ದಳು. ಮುತ್ಯಾಲು ಕತ್ತಿನ ಹಿಂದೆ ಕೈ ಹಾಕಿ ತಡವಿ ನೋಡಿದಳು. ಮೂರು ಗಂಟು, ಮೂರೂ ಎಡಕ್ಕೆ ವಾಲಿದ್ದವು. ಬೆರಳಿಗೆ ಗುರುತಿನ ಗಂಟು.

ಹೊಂಗೆ ಮರ ಬಂತು. ಬುಡದಲ್ಲಿ ಮಣ್ಣಿನ ಬಟ್ಟಲು, ಅದರ ತುಂಬ ಹಾಲು.

"ಇನ್ನೂ ಇಡ್ತಾರಾ?" ಆಂಜಿನಪ್ಪ ಗಾಡಿ ನಿಧಾನ ಮಾಡಿದ.

"ವರಲಕ್ಷ್ಮಕ್ಕ ದಿನಾ ಇಡ್ತಾರೆ. ಹೆಡೆ ಈಗ ಇನ್ನೂ ಅಗಲ ಆಗಿದೆ!"

ಇಬ್ಬರೂ ನಕ್ಕರು. ಆಮೇಲೆ ಅವಳ ನಗು ಸ್ವಲ್ಪ ಸಣ್ಣದಾಯಿತು.

"ರೀ... ಮುಂದೆ ಯಾವತ್ತಾದ್ರೂ ನಾನು ಹಿಂಗೇ ದಾರೀಲಿ ಬಿದ್ರೆ? ಜನ ಬಂದ್ಬಿಟ್ರೆ? ಆಗಲೂ ಹಾವು ಅಂತೀರಾ?"

ಅವನು ಹೆಗಲ ಮೇಲಿದ್ದ ಕೆಂಪು ಅಂಚಿನ ಟವಲ್ಲು ತೆಗೆದು, ನಾಲ್ಕು ಮಡಿಕೆ ಮಾಡಿ, ಅವಳು ತಲೆ ಒರಗಿಸಲು ಗಾಡಿಯ ಪಕ್ಕಕ್ಕೆ ಇಟ್ಟ.

"ಊಹೂಂ. ಇನ್ಮೇಲೆ ಹಾವು ಬೇಡ. 'ನನ್ನ ಹೆಂಡ್ತಿ ಮಲಗವ್ಳೆ, ಸದ್ದು ಮಾಡ್ದೆ ಹೋಗಿ' ಅಂತೀನಿ."